ಯಿಹಾನಳ ಭೂತಕಾಲ

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುವ ಮಾತು ಸ್ವೀಡನ್ನಿನ ಉಪ್ಸಾಲಾದಲ್ಲೂ ಸುಳ್ಳಲ್ಲ. ಇಲ್ಲಿ ನೀರು ಅಂದರೆ ಬಿಲ್ಡಿಂಗಿನ ನೆಲಮಾಳಿಗೆಯಲ್ಲಿರುವ ಬಟ್ಟೆ ಒಗೆಯುವ ಕೋಣೆ. ನಮ್ಮ ಬಿಲ್ಡಿಂಗಿನಲ್ಲಿ ಮನೆಮನೆಗೆ ಮೆಷಿನ್ ಇಲ್ಲ. ಎಲ್ಲರೂ ಮೊದಲೇ ಸಮಯ ಬುಕ್ ಮಾಡಿ ಕೆಳಗಿಳಿಯಬೇಕು. ಒಬ್ಬರ ಸಮಯದಲ್ಲಿ ಇನ್ನೊಬ್ಬರು ಮೆಷಿನ್ ಓಡಿಸಿದರೆ ಈ ಊರಿನವರು ಜಗಳವಾಡುವುದಿಲ್ಲ, ಬಾಗಿಲಿಗೆ ಚೀಟಿ ಅಂಟಿಸುತ್ತಾರೆ. ನಾನು ಹರಿಹರದವಳು, ಚೀಟಿ ಅಂಟಿಸುವ ಜಾಯಮಾನದವಳಲ್ಲ. ನನ್ನ ಸಮಯದಲ್ಲಿ ತನ್ನ ಹೊದಿಕೆಗಳನ್ನು ತಿರುಗಿಸುತ್ತಿದ್ದ ಚೀನೀ ಹೆಂಗಸನ್ನು ನೇರವಾಗಿ ತರಾಟೆಗೆ ತೆಗೆದುಕೊಂಡೆ. ಆಕೆ ಮೇಲಿಂದ ಮೇಲೆ ಸಾರಿ ಅಂದಳು, ಮತ್ತೇನು ಹೇಳಬೇಕೋ ತೋಚದೆ, ನಿಮ್ಮ ಊಟ ಆಯಿತೇ ಎಂದು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ. ಜಗಳದ ಮಧ್ಯೆ ಊಟ ವಿಚಾರಿಸುವವರು ನಮ್ಮ ಕಡೆಯವರು ಮಾತ್ರ ಅಂದುಕೊಂಡಿದ್ದೆ.

ಹಾಗೆ ಪರಿಚಯವಾದವಳು ಲಿಪಿಂಗ್. ಯೂನಿವರ್ಸಿಟಿಯ ಪ್ರಯೋಗಾಲಯವೊಂದರಲ್ಲಿ ಮೀನಿನ ತೊಟ್ಟಿಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ಮೀನುಗಳಿಗೆ ಏನು ಕೊಟ್ಟೆವು, ಎಷ್ಟು ತಿಂದವು, ಯಾವುದು ಸತ್ತಿತು ಎಂದು ದಿನವೂ ಇಂಗ್ಲಿಷಿನಲ್ಲಿ ವರದಿ ಬರೆಯಬೇಕಾದ್ದರಿಂದ ಅವಳ ಇಂಗ್ಲಿಷ್ ಕೈಕಾಲು ಮುರಿದುಕೊಂಡಿರಲಿಲ್ಲ. ಗಂಡ ಬಹಳ ಹಿಂದೆಯೇ ಬಿಟ್ಟುಹೋಗಿದ್ದ. ಆ ವಿಷಯವನ್ನು ಅವಳು ಒಮ್ಮೆ ಹೇಳಿದಳು, ನಾನು ಎರಡನೇ ಸಲ ಕೇಳಲಿಲ್ಲ.

ನಾನು ಹರಿಹರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಡಂ ಆಗಿದ್ದವಳು ಎಂದು ಅವಳಿಗೆ ಗೊತ್ತಾದದ್ದೇ ತಡ, ಮರುದಿನವೇ ಮಗಳನ್ನು ಕರೆದುಕೊಂಡು ಮನೆ ಬಾಗಿಲಿಗೆ ಬಂದಳು. ನನ್ನ ಗಂಡ ಲತೀಫ್ ಬಾಗಿಲು ತೆರೆದು, ಫರ್ಹತ್, ನಿನಗೆ ಕೊನೆಗೂ ಒಬ್ಬಳು ಸ್ಟೂಡೆಂಟ್ ಸಿಕ್ಕಳು ನೋಡು ಎಂದು ಕೂಗಿದರು. ಅವರ ಚೇಷ್ಟೆಗೆ ಕಾರಣವಿತ್ತು. ಈ ದೇಶಕ್ಕೆ ಬಂದ ಮೇಲೆ ನನ್ನ ಬಿ.ಎಡ್ ಕಪಾಟು ಸೇರಿತ್ತು. ನಾನು ಇಲ್ಲಿ ಡಾಗಿಸ್‌ನಲ್ಲಿ, ಅಂದರೆ ಚಿಕ್ಕ ಮಕ್ಕಳನ್ನು ಬಿಟ್ಟುಹೋಗುವ ಶಿಶುವಿಹಾರದಲ್ಲಿ, ಮೂಗು ಒರೆಸಿ ಜಾಕೆಟ್ ತೊಡಿಸುವ ಕೆಲಸದಲ್ಲಿದ್ದೆ.

ಯಿಹಾನ್ ಆಗ ಹದಿನೇಳರ ಹುಡುಗಿ. ಸಣ್ಣ ಮೈಕಟ್ಟು, ಮಾತಾಡುವ ಮುಂಚೆ ತುಟಿ ಒದ್ದೆ ಮಾಡಿಕೊಳ್ಳುವ ಅಭ್ಯಾಸ. ಈ ದೇಶದಲ್ಲಿ ಮಕ್ಕಳು ಮೇಷ್ಟ್ರನ್ನೂ ಹೆಡ್‌ಮಾಸ್ಟರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಇವಳು ಮಾತ್ರ ನನ್ನನ್ನು ಟೀಚರ್ ಎಂದು ಕರೆದು, ಎರಡೂ ಕೈಯಲ್ಲಿ ಪುಸ್ತಕ ಕೊಟ್ಟಳು. ವರ್ಷಗಳಿಂದ ಆ ಹೆಸರಿನಿಂದ ಯಾರೂ ಕರೆದಿರಲಿಲ್ಲ. ನಾನು ಅಲ್ಲಿಯೇ ಸೋತುಹೋದೆ.

ಅವಳನ್ನು ಬೆಳೆಸಿದ್ದು ಅಮ್ಮನಲ್ಲ, ಅಮ್ಮನ ಅಮ್ಮ. ಲಿಪಿಂಗ್ ಸ್ವೀಡನ್ನಿಗೆ ಬಂದಾಗ ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಕೆಲಸ ಒಂದು ನೆಲೆಗೆ ಬಂದು, ಪರ್ಮಿಟ್ ಆಗಿ, ಮನೆ ಸಿಕ್ಕಿ ಮಗಳನ್ನು ಕರೆಸಿಕೊಳ್ಳುವ ಹೊತ್ತಿಗೆ ಅವಳಿಗೆ ಹದಿನೈದಾಗಿತ್ತು. ವಿಮಾನ ನಿಲ್ದಾಣದಲ್ಲಿ ಮಗಳು ತನಗೆ ತಲೆಬಾಗಿ ನಮಸ್ಕರಿಸಿದಳಂತೆ. ನೆಂಟರ ಮನೆಗೆ ಬಂದವಳ ಹಾಗೆ, ಎಂದು ಹೇಳುತ್ತ ಲಿಪಿಂಗ್ ನಕ್ಕಳು, ನನಗೆ ಆ ನಗು ನೋಡಲಾಗಲಿಲ್ಲ. ಎರಡು ವರ್ಷವಾದರೂ ಇಬ್ಬರೂ ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದಲೇ ಇದ್ದರು. ಮಗಳು ಹಟ ಮಾಡುತ್ತಿರಲಿಲ್ಲ, ತಾಯಿ ಬೈಯುತ್ತಿರಲಿಲ್ಲ. ಬೈಗುಳವೇ ಇಲ್ಲದ ಮನೆಯಲ್ಲಿ ಸಲಿಗೆ ಎಲ್ಲಿಂದ ಬರಬೇಕು?

ಅಜ್ಜಿಗೆ ಅವಳು ಲಾವ್‌ಲಾವ್ ಅನ್ನುತ್ತಿದ್ದಳು. ಪ್ರತಿ ಭಾನುವಾರ ಫೋನಿನಲ್ಲಿ ಅಜ್ಜಿಯ ಮುಖ ನೋಡಬೇಕು, ಅಜ್ಜಿ ಕ್ಯಾಮೆರಾವನ್ನು ಯಾವಾಗಲೂ ಹಣೆಗೇ ಹಿಡಿಯುತ್ತಿದ್ದರಂತೆ, ಇವಳು ಹಣೆಯ ಜೊತೆಗೇ ಮಾತಾಡಿ ತೃಪ್ತಿಪಡಬೇಕು. ಮೇ ತಿಂಗಳಲ್ಲಿ ಇಂಗ್ಲಿಷಿನ ದೊಡ್ಡ ಪರೀಕ್ಷೆ. ಅದರಲ್ಲಿ ಪಾಸಾಗದಿದ್ದರೆ ಮುಂದೆ ಯೂನಿವರ್ಸಿಟಿಯ ಬಾಗಿಲು ತೆರೆಯುವುದಿಲ್ಲ. ಪರೀಕ್ಷೆ ಮುಗಿಸಿದರೆ ಜೂನಿನಲ್ಲಿ ಲಾವ್‌ಲಾವ್ ಹತ್ತಿರ ಕಳಿಸುತ್ತೇನೆ ಎಂದು ತಾಯಿ ಮಾತು ಕೊಟ್ಟಿದ್ದಳು. ಹುಡುಗಿ ಓದುತ್ತಿದ್ದದ್ದು ಯೂನಿವರ್ಸಿಟಿಗಾಗಿ ಅಲ್ಲ, ಜೂನಿಗಾಗಿ. ಅಜ್ಜಿಗೆಂದು ಒಳಗೆ ಕುರಿಯ ಉಣ್ಣೆಯಿರುವ ಚಪ್ಪಲಿಯನ್ನು ಆಗಲೇ ಕೊಂಡಿಟ್ಟಿದ್ದಳು.

ಇಂಗ್ಲಿಷಿನಲ್ಲಿ ಅವಳ ಶಬ್ದಸಂಪತ್ತು ನನ್ನದಕ್ಕಿಂತ ಹೆಚ್ಚಿತ್ತು. ಕಾಲು ಎಡವುತ್ತಿದ್ದದ್ದು ಒಂದೇ ಕಡೆ, ಭೂತಕಾಲದಲ್ಲಿ. 'ಯೆಸ್ಟರ್‌ಡೇ ಐ ಗೋ ಟು ಸ್ಕೂಲ್' ಅನ್ನುವಳು. 'ಲಾಸ್ಟ್ ಇಯರ್ ಮೈ ಗ್ರ್ಯಾಂಡ್‌ಮದರ್ ಫಾಲ್ ಇನ್ ದ ಕಿಚನ್' ಅನ್ನುವಳು. ನಾನು ತಿದ್ದಿದರೆ ಪಾಪ ಒಪ್ಪಿಕೊಂಡು ಬರೆಯುವಳು, ಮುಂದಿನ ಸಾಲಿನಲ್ಲಿ ಮತ್ತೆ ಅದೇ. ಒಂದು ದಿನ ಕಾರಣ ಹೇಳಿದಳು. ಅವಳ ಭಾಷೆಯಲ್ಲಿ ಕ್ರಿಯಾಪದ ಬದಲಾಗುವುದೇ ಇಲ್ಲವಂತೆ. ನಿನ್ನೆ ಹೋಗು, ಇವತ್ತು ಹೋಗು, ನಾಳೆ ಹೋಗು. ನಿನ್ನೆ ಎಂದು ಹೇಳಿದ ಮೇಲೆ ಮುಗಿಯಿತಲ್ಲ, ಕ್ರಿಯಾಪದವನ್ನೂ ಯಾಕೆ ಹಳೆಯದು ಮಾಡಬೇಕು ಎಂದು ನನ್ನನ್ನೇ ಕೇಳಿದಳು. ನಾನು ಹಳೇ ಮೇಡಂ ಗತ್ತಿನಲ್ಲಿ, ಪರೀಕ್ಷೆ ತಿದ್ದುವವರು ನಿನ್ನ ಚೀನೀ ಭಾಷೆ ಓದಿಲ್ಲ ತಾಯಿ, ಅವರಿಗೆ ಕ್ರಿಯಾಪದದ ಬಾಲಕ್ಕೆ 'ಇಡಿ' ಬೇಕು ಎಂದೆ. ಆ ಮೇಲೆ ನಾವಿಬ್ಬರೂ 'ಇಡಿ' ಹಿಂದೆ ಬಿದ್ದೆವು. ಲವ್, ಲವ್ಡ್. ಕುಕ್, ಕುಕ್ಡ್. ಇನ್ನೂ ಇರುವುದಕ್ಕೆ ಒಂದು ರೂಪ, ಮುಗಿದುಹೋದದ್ದಕ್ಕೆ ಇನ್ನೊಂದು. ಕೇಳಿದ ಕೂಡಲೇ ವ್ಯತ್ಯಾಸ ಹಿಡಿಯಬೇಕು ಎಂದು ನಾನು ಸಾಲು ಓದುತ್ತಿದ್ದೆ, ಅವಳು ಕಣ್ಣು ಮುಚ್ಚಿಕೊಂಡು ಕೇಳಿ ಹೇಳುತ್ತಿದ್ದಳು. ಮಾರ್ಚ್ ಮುಗಿಯುವ ಹೊತ್ತಿಗೆ ಅವಳ ಕಿವಿ ಎಷ್ಟು ಚುರುಕಾಯಿತೆಂದರೆ ರೇಡಿಯೋದಲ್ಲಿ ಯಾರಾದರೂ ತಪ್ಪಿದರೂ ಹುಬ್ಬೇರಿಸುವಳು. ನನಗೆ ಹೆಮ್ಮೆಯೋ ಹೆಮ್ಮೆ.

ಏಪ್ರಿಲಿನಲ್ಲಿ ಲಿಪಿಂಗ್ ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕಳು. ಹೊದಿಕೆಯ ಒಂದು ತುದಿ ಅವಳು, ಇನ್ನೊಂದು ನಾನು ಹಿಡಿದು ಮಡಚುತ್ತಿದ್ದೆವು. ತನ್ನ ಅಮ್ಮ ತೀರಿಕೊಂಡರು ಎಂದಳು. ಬೆಳಿಗ್ಗೆ ಎದ್ದು ಒಲೆಯ ಹತ್ತಿರ ಕೂತವರು ಹಾಗೇ ಒರಗಿದರಂತೆ. ಊರಿನಲ್ಲಿರುವ ಅಣ್ಣ ಮಣ್ಣಿನ ಕೆಲಸವನ್ನೆಲ್ಲ ಮುಗಿಸಿದನಂತೆ. ನೀನು ಹೋಗಲಿಲ್ಲವಾ ಎಂದು ನಾನು ಕೇಳಿದೆ. ಅವಳು ಹೊದಿಕೆಯ ಅಂಚು ಸರಿಮಾಡುತ್ತ ಹೇಳಿದಳು:

"ನಾನು ಹೊರಟ್ರೆ ಯಿಹಾನ್‌ಗೆ ಗೊತ್ತಾಗ್ಬಿಡುತ್ತೆ. ಗೊತ್ತಾದ್ರೆ ಪರೀಕ್ಷೆ ಹೋಯ್ತು. ಅವಳಿಗೆ ತಾಯಿ ಅಂದ್ರೆ ನಮ್ಮಮ್ಮಾನೇ, ನಾನಲ್ಲ. ಪರೀಕ್ಷೆ ಮುಗಿಯೋವರೆಗೂ ದಯವಿಟ್ಟು ನೀವೂ ಹೇಳ್ಬೇಡಿ."

ಅವರ ಕಡೆ ಇದು ಸಾಮಾನ್ಯವಂತೆ. ದೊಡ್ಡ ಪರೀಕ್ಷೆಯ ಮಗುವಿರುವ ಮನೆಯಲ್ಲಿ ಸಾವನ್ನು ಬಚ್ಚಿಡುತ್ತಾರೆ, ಊರಿಗೆ ಊರೇ ಸೇರಿ ಬಚ್ಚಿಡುತ್ತದೆ. ಅಜ್ಜಿಗೆ ಕಣ್ಣಿನ ಆಪರೇಷನ್ ಆಗಿದೆ, ಫೋನು ನೋಡಬಾರದು ಎಂದು ಮಗಳಿಗೆ ಹೇಳಿಯೂ ಆಗಿತ್ತು.

ಕೇಳಿದವರು ಕ್ರೂರ ಅನ್ನಬಹುದು. ನನಗೆ ಹಾಗನ್ನಿಸಲಿಲ್ಲ. ನಾನು ಎಲ್ಲಿಯವಳು? ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಬಂತೆಂದರೆ ನಮ್ಮ ಪೇಪರುಗಳಲ್ಲಿ ಆ ಸುದ್ದಿ ಬಂದೇ ಬರುತ್ತದೆ, ತಂದೆಯ ಸಾವಿನ ನೋವಿನಲ್ಲೂ ಪರೀಕ್ಷೆ ಬರೆದ ವಿದ್ಯಾರ್ಥಿನಿ ಎಂದು, ಅತ್ತು ಊದಿದ ಮುಖದ ಫೋಟೋ ಸಮೇತ. ನಾವು ಅದನ್ನು ಓದಿ ಶಹಭಾಸ್ ಅನ್ನುತ್ತೇವೆ. ಮನೆಯಲ್ಲಿ ಹೆಣವಿಟ್ಟುಕೊಂಡು ಹಾಲ್ ಟಿಕೆಟ್ ಹಿಡಿದು ಹೋದ ಮಕ್ಕಳನ್ನು ನಾನೇ ರೂಮಿನೊಳಗೆ ಕೂರಿಸಿದ್ದೇನೆ. ಪರೀಕ್ಷೆ ಅಂದರೆ ಪರೀಕ್ಷೆ. ಅದು ಯಾರಿಗಾಗಿಯೂ ಕಾಯುವುದಿಲ್ಲ. ಲಿಪಿಂಗ್ ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು. ಆಯಿತು ಎಂದೆ.

ಆಮೇಲೆ ಅವಳು ಡ್ರೈಯರ್ ಹಾಕಿದಳು. ಅದರಲ್ಲಿ ಏನೂ ಇರಲಿಲ್ಲ, ಬರೀ ಸದ್ದಿಗಾಗಿ ಹಾಕಿದಳು. ಆ ಸದ್ದಿನಲ್ಲಿ ನಿಂತು ಅತ್ತಳು. ತಾಯಿ ಸತ್ತರೆ ಅಳಲೂ ನೆಲಮಾಳಿಗೆಗೆ ಇಳಿದು ಬರಬೇಕಾಯಿತಲ್ಲ ಈ ಹೆಂಗಸಿಗೆ.

ಗುಟ್ಟು ನನ್ನ ಗಂಟಲಲ್ಲಿ ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹುಡುಗಿ ಪಾಠಕ್ಕೆ ಬಂದು, ಲಾವ್‌ಲಾವ್ ಕಣ್ಣಿನ ಪಟ್ಟಿ ಯಾವಾಗ ಬಿಚ್ಚುತ್ತಾರೋ ಅನ್ನುವಳು. ನಾನು ಪುಸ್ತಕದ ಹಾಳೆ ತಿರುವುವೆ. ನನ್ನಿಂದ ವಿಷಯ ತಿಳಿದಿದ್ದ ಲತೀಫ್ ಒಳಗಿನಿಂದ ಎದ್ದು ಬಾಲ್ಕನಿಗೆ ಹೋಗಿಬಿಡುವರು.

ಹೀಗೇ ಪರೀಕ್ಷೆಯವರೆಗೂ ಸಾಗಿಹೋಗುತ್ತಿತ್ತೇನೋ. ಒಂದು ಶನಿವಾರ ನಾನು ಎಳ್ಳುಂಡೆ ಮಾಡಿದ್ದೆ. ಎಳ್ಳು ಯಾವ ಅಂಗಡಿಯಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ತೋರಿಸಿದವಳೇ ಲಿಪಿಂಗ್, ಅದಕ್ಕೇ ತಾಯಿ ಮಗಳಿಬ್ಬರನ್ನೂ ಕರೆದೆ. ಅವರಿಬ್ಬರಿಗೂ ಒಂದು ಒಳ್ಳೆಯ ಗುಣವಿತ್ತು. ನಾನು ಎದುರಿಗಿದ್ದರೆ ತಮ್ಮ ಭಾಷೆಯಲ್ಲಿ ಮಾತಾಡುತ್ತಿರಲಿಲ್ಲ, ನನಗೆ ಬೇಜಾರಾದೀತೆಂದು ತಮ್ಮತಮ್ಮಲ್ಲಿಯೂ ಇಂಗ್ಲಿಷನ್ನೇ ಆಡುತ್ತಿದ್ದರು. ಲಿಪಿಂಗ್ ಒಂದು ಉಂಡೆ ಬಾಯಿಗೆ ಹಾಕಿಕೊಂಡಳು. ಎಳ್ಳು, ಬೆಲ್ಲ, ಅವಳ ಕಣ್ಣು ತನ್ನಷ್ಟಕ್ಕೇ ಮುಚ್ಚಿತು. ಆ ರುಚಿಯ ಗುಂಗಿನಲ್ಲೇ ಹೇಳಿದಳು:

"ಮೈ ಮದರ್ ಲವ್ಡ್ ದಿಸ್."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚೀನೀ ಭಾಷೆಯಲ್ಲಿ ಹೇಳಿದ್ದರೆ ಯಾವ ಅಪಾಯವೂ ಇರಲಿಲ್ಲ. ಅಲ್ಲಿ ಸತ್ತವರಿಗೂ ಬದುಕಿರುವವರಿಗೂ ಅದೇ ಇಷ್ಟ, ಅದೇ ಕ್ರಿಯಾಪದ. ಇಷ್ಟು ದಿನ ಆ ಭಾಷೆಯೇ ಅವಳ ಸುಳ್ಳನ್ನು ಕಾಪಾಡಿತ್ತು. ಆದರೆ ಪ್ರಯೋಗಾಲಯದಲ್ಲಿ ವರ್ಷಾನುಗಟ್ಟಲೆ ಆಗಿಹೋದದ್ದನ್ನೇ ಬರೆದೂ ಬರೆದೂ ಅವಳ ಇಂಗ್ಲಿಷಿಗೆ ಆ 'ಇಡಿ' ಅಂಟಿಬಿಟ್ಟಿತ್ತು. ತಾನು ಏನು ಹೇಳಿದೆ ಎಂಬುದು ಅವಳ ಗಮನಕ್ಕೇ ಬರಲಿಲ್ಲ, ಎರಡನೇ ಉಂಡೆಗೆ ಕೈ ಹಾಕಿದಳು. ಗಮನಿಸಿದ್ದು ನಾವಿಬ್ಬರು. ಯಿಹಾನ್ ತಲೆಯೆತ್ತಿ ಅಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಎದ್ದು ಚಹಾ ತರಲು ಅಡುಗೆಮನೆಗೆ ಹೋದೆ. ಒಲೆಯ ಮುಂದೆ ನಿಂತು, ಅವಳಿಗೆ ಕೇಳಿಸದಿರಲಿ ದೇವರೇ ಎಂದು ಬೇಡಿಕೊಂಡೆ. ಕೇಳಿಸುವ ಹಾಗೆ ಕಲಿಸಿದವಳೇ ನಾನು.

ಮುಂದಿನ ಪಾಠಕ್ಕೆ ಅವಳು ಬೇಗ ಬಂದಳು. ಪುಸ್ತಕ ತೆಗೆಯಲಿಲ್ಲ. ತುಟಿ ಒದ್ದೆ ಮಾಡಿಕೊಂಡು, ಒಂದು ಗ್ರಾಮರ್ ಡೌಟ್ ಇದೆ ಅಂದಳು.

"ಟೀಚರ್, ಲವ್ಡ್ ಅಂದ್ರೆ ಮುಗಿದುಹೋಗಿರ್ಲೇಬೇಕಾ? ಈಗ ಡಾಕ್ಟರ್ ಸಿಹಿ ತಿನ್ಬೇಡಿ ಅಂದಿದಾರೆ ಅನ್ಕೊಳಿ. ತಿನ್ನೋದು ಬಿಟ್ಬಿಟ್ಟಿದಾರೆ. ಆಗ ಲವ್ಡ್ ಅನ್ನಬಹುದಲ್ವಾ?"

ಇಷ್ಟು ವರ್ಷದ ನನ್ನ ಮೇಷ್ಟರಿಕೆಯಲ್ಲಿ ಇಷ್ಟು ಕಷ್ಟದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅನ್ನಬಹುದು ಎಂದೆ. ವ್ಯಾಕರಣದ ಪ್ರಕಾರ ಅನ್ನಬಹುದು.  ಅವಳು ತಲೆಯಲ್ಲಾಡಿಸಿದಳು.

"ತಿನ್ನೋದು ಬಿಟ್ರೂ ಇಷ್ಟ ಹೋಗಲ್ಲ ಟೀಚರ್. ಇಷ್ಟ ಹೋಗ್ಬೇಕು ಅಂದ್ರೆ ಲಾವ್‌ಲಾವೇ ಹೋಗಿರ್ಬೇಕು."

ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಅದೇ ಉತ್ತರವಾಯಿತು. ಮಗು ಮೇಜಿಗೆ ಹಣೆಯಿಟ್ಟು ಅತ್ತಿತು. ಮಗು ಎಂದೇ ಬರೆಯುತ್ತೇನೆ, ಆ ಹೊತ್ತಿನಲ್ಲಿ ಅವಳು ಮತ್ತೇನೂ ಆಗಿರಲಿಲ್ಲ. ಅವಳ ಬೆನ್ನು ಸವರುತ್ತ ನಾನು ನನ್ನ ನಾನಿಯನ್ನು, ನನ್ನ ಅಮ್ಮನ ಅಮ್ಮನನ್ನು, ನೆನೆಸಿಕೊಂಡು ಅತ್ತೆ. ಅವಳಿಗೆ ಗೊತ್ತಿಲ್ಲದ ಭಾಷೆಯಲ್ಲಿ ಅಳಬೇಡ ಕಂದಾ, ಅಳಬೇಡ ಎಂದು ಏನೇನೋ ಹೇಳಿದೆ. ಯಾವಾಗ ಎಂದು ಕೇಳಿದಳು, ಹೇಳಿದೆ. ಅಮ್ಮ ಹೋಗಲೇ ಇಲ್ಲವಲ್ಲ ಎಂದಳು. ತನ್ನ ಜ್ವರಕ್ಕೂ ಒಂದು ದಿನ ರಜೆ ಹಾಕದ ಅಮ್ಮ ಆ ವಾರ ಎರಡು ದಿನ ಮನೆಯಲ್ಲೇ ಇದ್ದು ಕಿಟಕಿಗಳನ್ನೆಲ್ಲ ಒರೆಸಿದ್ದು ಯಾಕೆ ಎಂದು ಅವಳಿಗೆ ಆಗ ತಿಳಿಯಿತು.

ನಾನು ಲಿಪಿಂಗ್‌ಳನ್ನು ಕರೆಯುತ್ತೇನೆ, ಇಬ್ಬರೂ ಕೂಡಿ ಅತ್ತುಬಿಡಿ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಬೇಡ ಟೀಚರ್. ನನ್ನ ಪರೀಕ್ಷೆಗೋಸ್ಕರ ಅಮ್ಮ ತನ್ನ ಅಮ್ಮನ್ನೇ ನೋಡೋಕೆ ಹೋಗ್ಲಿಲ್ಲ. ನನಗೀಗ್ಲೇ ಗೊತ್ತಾಯ್ತು ಅಂದ್ರೆ, ಹೋಗದೇ ಇದ್ದದ್ದು ಸುಮ್ನೆ ದಂಡ ಆಗ್ಬಿಡುತ್ತೆ. ನಾನು ಪಾಸಾಗ್ಬೇಕು. ಅಲ್ಲೀವರೆಗೂ ನನಗೇನೂ ಗೊತ್ತಿಲ್ಲ."

ಹದಿನೇಳು ವರ್ಷದ ಹುಡುಗಿಯ ಬಾಯಲ್ಲಿ ಬಂದ ಮಾತಿದು. 

ಅಲ್ಲಿಂದ ಮುಂದೆ ನಡೆದದ್ದನ್ನು ಪಾಠ ಅನ್ನಬೇಕೋ ಬೇರೇನು ಅನ್ನಬೇಕೋ ತಿಳಿಯದು. ಅವಳು ಬರುವಳು, ಮೊದಲು ಅಳುವಳು, ಬಚ್ಚಲಿಗೆ ಹೋಗಿ ಮುಖಕ್ಕೆ ತಣ್ಣೀರು ಎರಚಿಕೊಂಡು ಬಂದು ಪುಸ್ತಕ ತೆರೆಯುವಳು. ಭೂತಕಾಲದಲ್ಲಿ ಈಗ ಒಂದೂ ತಪ್ಪಿಲ್ಲ. ಯಾವ ಸಾಲು ಕೊಟ್ಟರೂ ಸರಿ. ಆ ಸರಿಗಳನ್ನು ನೋಡಿದರೆ ನನಗೆ ಪೆನ್ನು ಎತ್ತಿ ಟಿಕ್ ಹಾಕಲು ಮನಸ್ಸಾಗುತ್ತಿರಲಿಲ್ಲ. ತಪ್ಪು ಮಾಡೇ ಒಂದಾದರೂ ಎಂದು ಒಳಗೊಳಗೇ ಬೇಡುತ್ತಿದ್ದೆ. ಮಗಳು ಅತ್ತು ಹೋದ ಮೇಲೆ ಸಂಜೆ ತಾಯಿ ಬಟ್ಟೆಯ ಬುಟ್ಟಿ ಹಿಡಿದು ಕೆಳಗೆ ಬರುವಳು, ಡ್ರೈಯರ್ ಸದ್ದಿನಲ್ಲಿ ಅಳುವಳು, ಯಿಹಾನ್‌ಗೆ ಏನೂ ಗೊತ್ತಾಗಿಲ್ಲವಲ್ಲ ಎಂದು ಕೇಳುವಳು. ಇಲ್ಲ ಅನ್ನುವೆ. ಒಂದೇ ಸಾವಿಗೆ ಒಂದೇ ಮನೆಯ ಇಬ್ಬರು ಬೇರೆಬೇರೆಯಾಗಿ ನನ್ನ ಹತ್ತಿರ ಬಂದು ಅಳುತ್ತಿದ್ದರು. ಆಮೇಲೆ ಇಬ್ಬರೂ ಮನೆಗೆ ಹೋಗಿ ಎದುರುಬದುರು ಕೂತು ಊಟ ಮಾಡುತ್ತಿದ್ದರು. ಅಜ್ಜಿಯ ಕಣ್ಣು ಹೇಗಿದೆಯಂತೆ ಎಂದು ಮಗಳು ಕೇಳುತ್ತಿದ್ದಳಂತೆ. ವಾಸಿಯಾಗುತ್ತಿದೆಯಂತೆ ಎಂದು ತಾಯಿ ಹೇಳುತ್ತಿದ್ದಳಂತೆ. ಇದನ್ನು ನನಗೆ ಇಬ್ಬರೂ ಹೇಳಿದ್ದಾರೆ. ಲತೀಫ್ ಒಮ್ಮೆ ತಡೆಯಲಾರದೆ, ನಾನೇ ಹೋಗಿ ಹೇಳಿಬಿಡುತ್ತೇನೆ ಎಂದು ಚಪ್ಪಲಿ ಮೆಟ್ಟಿದರು. ನಾನು ತಡೆದೆ. ಇನ್ನು ಕೆಲವೇ ದಿನ, ಪರೀಕ್ಷೆ ಮುಗಿಯಲಿ ಎಂದೆ.

ಪರೀಕ್ಷೆ ಮುಗಿಯಿತು. ಹೇಗೆ ಬರೆದೆ ಎಂದೆ. ಚೆನ್ನಾಗಿ ಬರೆದಳಂತೆ. ನಿಮಗೆ ಮುಖ್ಯವಾದ ಒಬ್ಬರ ಬಗ್ಗೆ ಬರೆಯಿರಿ ಎಂದು ಕೇಳಿದ್ದರಂತೆ. ಯಾರ ಬಗ್ಗೆ ಬರೆದೆ ಎಂದು ಕೇಳಿದೆ. ಅವಳು ಸುಮ್ಮನೆ ನಕ್ಕು, ಅಮ್ಮನ ಬಗ್ಗೆ ಬರೆದೆ, ಲಾವ್‌ಲಾವ್ ಬಗ್ಗೆ ಬರೆದರೆ ಎಲ್ಲವನ್ನೂ ಹಳೆಯದು ಮಾಡಬೇಕಾಗುತ್ತಿತ್ತು ಎಂದಳು.

ಆ ಭಾನುವಾರ ಲಿಪಿಂಗ್ ಮಗಳಿಗೆ ಸುದ್ದಿ ಹೇಳಿದಳು. ಮರುದಿನ ನನ್ನ ಹತ್ತಿರ ಬಂದು ವರದಿ ಒಪ್ಪಿಸಿದಳು. ಮಗಳು ಬಹಳ ಅತ್ತಳಂತೆ, ತನ್ನನ್ನು ತಬ್ಬಿಕೊಂಡಳಂತೆ, ಅಷ್ಟು ವರ್ಷದಲ್ಲಿ ಅದೇ ಮೊದಲ ಸಲವಂತೆ. ಯಾಕೆ ಮುಚ್ಚಿಟ್ಟೆ ಎಂದು ಒಂದು ಮಾತೂ ಕೇಳಲಿಲ್ಲವಂತೆ. ಹೇಳುವಾಗ ಲಿಪಿಂಗ್‌ಳ ಮುಖದಲ್ಲಿ ದುಃಖವೂ ಇತ್ತು, ಒಂದು ಬಗೆಯ ಬಿಡುಗಡೆಯೂ ಇತ್ತು. ಮಗಳನ್ನು ಕಾಪಾಡಿದೆನಲ್ಲ ಎಂಬ ಆ ಬಿಡುಗಡೆಯನ್ನು ಕಸಿದುಕೊಳ್ಳಲು ನನಗೆ ಬಾಯಿ ಬರಲಿಲ್ಲ.

ಜೂನಿನಲ್ಲಿ ಶಾಲೆ ಮುಗಿಯುವ ದಿನ ಅಂಗಳದಲ್ಲಿ ಫಿಕಾ ಇತ್ತು. ಫಿಕಾ ಅಂದರೆ ಕಾಫಿ, ಬನ್ನು, ಹರಟೆ. ಈ ದೇಶದಲ್ಲಿ ಅದಿಲ್ಲದೆ ಏನೂ ಶುರುವಾಗುವುದಿಲ್ಲ, ಏನೂ ಮುಗಿಯುವುದೂ ಇಲ್ಲ. ಲಿಪಿಂಗ್ ನನ್ನನ್ನೂ ಎಳೆದುಕೊಂಡು ಹೋಗಿದ್ದಳು. ಪರೀಕ್ಷೆಯಲ್ಲಿ ಯಿಹಾನ್‌ಗೆ ತುಂಬ ಒಳ್ಳೆಯ ದರ್ಜೆ ಬಂದಿತ್ತು. ಲಿಪಿಂಗ್ ಎಲ್ಲರಿಗೂ ಕಾಫಿ ತರುತ್ತೇನೆ ಎಂದು ಸಾಲಿನಲ್ಲಿ ಹೋಗಿ ನಿಂತಳು. ಅಷ್ಟರಲ್ಲಿ ಶಾಲೆಯ ಇಂಗ್ಲಿಷ್ ಟೀಚರ್ ಹೆಲೇನಾ ನಮ್ಮ ಹತ್ತಿರ ಬಂದರು. ದೊಡ್ಡ ಮೈ, ಕೆಂಪು ಕೆನ್ನೆ, ಒಳ್ಳೆಯ ಹೆಂಗಸು. ಬೇಸಿಗೆಗೆ ಎಲ್ಲಿಗೆ ಎಂದು ಯಿಹಾನ್‌ಳನ್ನು ಕೇಳಿದರು. ಅಜ್ಜಿಯ ಮನೆಗೆ, ಅಜ್ಜಿ ಏಪ್ರಿಲಿನಲ್ಲಿ ತೀರಿಕೊಂಡರು ಎಂದಳು ಇವಳು. ಹೆಲೇನಾ ಅಯ್ಯೋ ಎಂದು ಅವಳ ಭುಜ ಹಿಡಿದುಕೊಂಡು, ಆಗ ಹೋಗಿ ಬಂದಿರಾ ಎಂದರು. ಇಲ್ಲ, ಪರೀಕ್ಷೆ ಇತ್ತಲ್ಲ ಎಂದಳು.

ಹೆಲೇನಾಗೆ ಅರ್ಥವೇ ಆಗಲಿಲ್ಲ. ನನ್ನ ಕಡೆ ನೋಡಿದರು, ಅವಳ ಕಡೆ ನೋಡಿದರು.

"ಅದಕ್ಕೋಸ್ಕರ ಹೋಗ್ಲಿಲ್ವಾ? ಅದನ್ನ ನೀನು ರಜೆ ಆದ್ಮೇಲೆ ಬರೀಬಹುದಿತ್ತಲ್ಲ. ನನಗೊಂದು ಮೇಲ್ ಹಾಕಿದ್ರೆ ಸಾಕಾಗಿತ್ತು."

ಯಾರೋ ಅವರನ್ನು ಕರೆದರು. ಅವರು ಯಿಹಾನ್‌ಳ ಕೆನ್ನೆ ಸವರಿ ಆ ಕಡೆ ಹೋದರು.

 ಕೇಳಬಹುದಿತ್ತು. ಇಷ್ಟೇ. ಲಿಪಿಂಗ್ ಕೇಳಲಿಲ್ಲ, ಹುಡುಗಿ ಕೇಳಲಿಲ್ಲ, ವರ್ಷಗಟ್ಟಲೆ ಪಾಠ ಹೇಳಿದ ನಾನೂ ಕೇಳಲಿಲ್ಲ. ಪರೀಕ್ಷೆಯನ್ನು ಮುಂದಕ್ಕೆ ಹಾಕಿ ಎಂದು ಕೇಳಬಹುದು ಅನ್ನುವುದು ನಮ್ಮ ಯಾರ ತಲೆಯಲ್ಲೂ ಸುಳಿಯಲಿಲ್ಲ, ಹಾಗೆ ಬೆಳೆದವರೇ ಅಲ್ಲ ನಾವು. ಸ್ವೀಡನ್ನಿನ ಒಂದು ಮಗು ಶೀತವಾದರೆ ಕೇಳುವುದನ್ನು ನಾವು ತಾಯಿ ಸತ್ತರೂ ಕೇಳಲಿಲ್ಲ. ಯಿಹಾನ್‌ಳ ಮುಖದಲ್ಲಿ ರಕ್ತವಿರಲಿಲ್ಲ. ನನ್ನ ತೋಳು ಹಿಡಿದುಕೊಂಡ ಅವಳ ಉಗುರು ನನ್ನ ಚರ್ಮಕ್ಕೆ ನೆಟ್ಟಿತ್ತು.

ಲಿಪಿಂಗ್ ಮೂರು ಕಾಗದದ ಲೋಟಗಳನ್ನು ಜೋಪಾನವಾಗಿ ಹಿಡಿದುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ನಿನ್ನ ಟೀಚರ್ ಏನಂದರು ಎಂದು ಕೇಳಿದಳು. ನಾನಿದ್ದೆನಲ್ಲ, ಇಂಗ್ಲಿಷಿನಲ್ಲೇ ಕೇಳಿದಳು. ಯಿಹಾನ್ ನನ್ನ ತೋಳು ಬಿಟ್ಟಳು. ತುಟಿ ಒದ್ದೆ ಮಾಡಿಕೊಳ್ಳಲೂ ಇಲ್ಲ, ಒಂದು ಕ್ಷಣ ತಡವರಿಸಲೂ ಇಲ್ಲ.

"ಈ ಪರೀಕ್ಷೆನ ಯಾರೂ ತಪ್ಪಿಸ್ಕೊಳ್ಳೋ ಹಾಗಿರ್ಲಿಲ್ವಂತೆ ಅಮ್ಮಾ. ನೀನು ಮಾಡಿದ್ದೇ ಸರಿ ಅಂದ್ರು."

ಲಿಪಿಂಗ್ ಲೋಟಗಳನ್ನು ಹಿಡಿದುಕೊಂಡೇ ನಿಂತಳು. ಅವಳ ಕಣ್ಣು ತುಂಬಿಬಂತು. ಮಾಡಿದ್ದು ಸರಿ ಎಂದು ತನಗೆ ಗೊತ್ತಿತ್ತು, ಆದರೂ ಅಮ್ಮನ ಮುಖ ನೋಡಲು ಹೋಗಬಹುದಿತ್ತೇನೋ ಎಂದು ಒಂದೊಂದು ಸಲ ಅನ್ನಿಸುತ್ತಿತ್ತು ಅಂದಳು. ಯಿಹಾನ್ ಅವಳ ಕೈಯಿಂದ ಒಂದು ಲೋಟ ತೆಗೆದುಕೊಂಡು ನನಗೆ ಕೊಟ್ಟಳು, ಇನ್ನೊಂದನ್ನು ತಾನಿಟ್ಟುಕೊಂಡಳು. ಕಾಫಿ ತುಂಬ ಬಿಸಿ ಇದೆ, ನಿಧಾನಕ್ಕೆ ಕುಡಿ ಎಂದು ಅಮ್ಮನಿಗೆ ಹೇಳಿದಳು.